ಉಸಿರಿನ ಚಕ್ರವನ್ನು ಕಂಡ ಕ್ರೆಬ್ಸ್

ಮನುಷ್ಯನು ಗಾಢನಿದ್ರೆಯಲ್ಲಿರುವಾಗಲೂ ಅವನ ಹೃದಯ ಮಿಡಿಯುತ್ತಿರುತ್ತದೆ, ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಈ ಕೆಲಸಗಳಿಗೆಲ್ಲ ಶಕ್ತಿ ಬೇಕು. ಆ ಶಕ್ತಿ ಉಂಡ ಅನ್ನದಿಂದ ಬರುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ತಟ್ಟೆಯಲ್ಲಿದ್ದ ತುತ್ತು ತೋಳಿನ ಬಲವಾಗಿ ಮಾರ್ಪಡುವುದು ಹೇಗೆ? ಒಲೆಯಲ್ಲಿ ಸೌದೆ ಉರಿಯುವಾಗ ಅದರಲ್ಲಿನ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಶಾಖವನ್ನು ಹೊರಗೆಡಹುತ್ತದೆ. ದೇಹದೊಳಗೂ ಇಂತಹುದೇ ಒಂದು ದಹನ ನಡೆಯುತ್ತದೆ ಎಂಬುದನ್ನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಫ್ರಾನ್ಸಿನ ವಿಜ್ಞಾನಿ ಲವಾಸಿಯೆ ಅವರು ತೋರಿಸಿಕೊಟ್ಟಿದ್ದರು. ಆದರೆ ದೇಹದಲ್ಲಿ ಜ್ವಾಲೆಯಿಲ್ಲ, ಹೊಗೆಯಿಲ್ಲ, ಕೆಂಡವಿಲ್ಲ. ಒದ್ದೆಯಾದ ಜೀವಕೋಶದಲ್ಲಿ, ಮೈಯ ಸಾಧಾರಣ ಬಿಸುಪಿನಲ್ಲಿ, ಆಹಾರವು ಉರಿಯುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ಒಂದೂವರೆ ಶತಮಾನವೇ ಬೇಕಾಯಿತು.

ಆ ಉತ್ತರವನ್ನು ಕಂಡುಕೊಂಡವರು ಹ್ಯಾನ್ಸ್ ಅಡಾಲ್ಫ್ ಕ್ರೆಬ್ಸ್. ಗುರುವಿನಿಂದ ಭರವಸೆಯ ಮಾತನ್ನು ಕೇಳದೆ, ತಾಯ್ನಾಡಿನಿಂದ ಹೊರದೂಡಲ್ಪಟ್ಟು, ಪರದೇಶದಲ್ಲಿ ಆಶ್ರಯ ಪಡೆದು ಅವರು ಈ ಸಾಧನೆಯನ್ನು ಮಾಡಿದರು. ಪ್ರತಿಭೆಗೆ ತಾಳ್ಮೆ ಜೊತೆಗೂಡಿದಾಗ ಏನಾಗಬಲ್ಲುದು ಎಂಬುದಕ್ಕೆ ಅವರ ಬದುಕು ಒಂದು ನಿದರ್ಶನ.

ಕ್ರೆಬ್ಸ್ ಅವರು 1900ನೆಯ ಇಸವಿ ಆಗಸ್ಟ್ 25ರಂದು ಜರ್ಮನಿಯ ಹಿಲ್ಡೆಸ್‌ಹೈಮ್ ಎಂಬ ಪ್ರಾಚೀನ ಪಟ್ಟಣದಲ್ಲಿ ಜನಿಸಿದರು. ತಂದೆ ಗೇಯಾರ್ಗ್ ಕ್ರೆಬ್ಸ್ ಕಿವಿ, ಮೂಗು, ಗಂಟಲುಗಳ ಶಸ್ತ್ರವೈದ್ಯರು, ತಾಯಿ ಆಲ್ಮಾ. ಅವರದು ಯೆಹೂದಿ ಮನೆತನ. ಊರಿನ ಆಂಡ್ರಿಯಾನುಮ್ ಎಂಬ ಹಳೆಯ ಶಾಲೆಯಲ್ಲಿ ಬಾಲಕ ಹ್ಯಾನ್ಸನ ವಿದ್ಯಾಭ್ಯಾಸ ನಡೆಯಿತು. ತಂದೆಯಂತೆ ತಾನೂ ವೈದ್ಯನಾಗಬೇಕೆಂಬುದೇ ಅವನ ಆಸೆಯಾಗಿತ್ತು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಯೂರೋಪನ್ನು ಆವರಿಸಿತು. 1918ರ ಸೆಪ್ಟೆಂಬರಿನಲ್ಲಿ, ಹದಿನೆಂಟು ವರ್ಷ ತುಂಬಿದ ಕೂಡಲೇ, ಅವನನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಾಯಿತು. ಎರಡು ತಿಂಗಳಲ್ಲಿ ಯುದ್ಧ ಮುಗಿದುದರಿಂದ ತರುಣ ಹ್ಯಾನ್ಸ್ ಮತ್ತೆ ಪುಸ್ತಕಗಳ ಕಡೆಗೆ ತಿರುಗಿದನು.

ಗಟಿಂಗೆನ್, ಫ್ರೈಬರ್ಗ್, ಮ್ಯೂನಿಕ್, ಬರ್ಲಿನ್ ನಗರಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1925ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾನಿಲಯದಿಂದ ಕ್ರೆಬ್ಸ್ ಅವರು ವೈದ್ಯಪದವಿಯನ್ನು ಪಡೆದರು. ಆ ವೇಳೆಗೆ ಅವರ ಮನಸ್ಸು ರೋಗಿಗಳ ಚಿಕಿತ್ಸೆಯಿಂದ ರೋಗ ಮತ್ತು ಆರೋಗ್ಯಗಳ ಮೂಲದಲ್ಲಿರುವ ರಸಾಯನಕ್ರಿಯೆಗಳ ಕಡೆಗೆ ಹರಿದಿತ್ತು. 1926ರಲ್ಲಿ ಬರ್ಲಿನ್ನಿನ ಡಾಲೆಮ್‌ನಲ್ಲಿದ್ದ ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯಲ್ಲಿ ಆಟೋ ವಾರ್‌ಬುರ್ಗ್ ಅವರ ಸಹಾಯಕರಾಗುವ ಅವಕಾಶ ಅವರಿಗೆ ದೊರೆಯಿತು. ಇದು ಅವರ ಬಾಳಿನ ಮೊದಲ ತಿರುವು.

ವಾರ್‌ಬುರ್ಗ್ ಅವರು ಆ ಕಾಲದ ಅಗ್ರಗಣ್ಯ ಜೀವರಸಾಯನ ವಿಜ್ಞಾನಿಗಳಲ್ಲೊಬ್ಬರು. ಜೀವಕೋಶದ ಉಸಿರಾಟವನ್ನು ಕುರಿತ ಸಂಶೋಧನೆಗಾಗಿ ಮುಂದೆ 1931ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಪ್ರಾಣಿಯ ಅಂಗವೊಂದನ್ನು ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ಹಾಳೆಗಳಾಗಿ ಕೊಯ್ದು, ಲವಣದ್ರವದಲ್ಲಿ ಇರಿಸಿದರೆ ಅದರ ಜೀವಕೋಶಗಳು ಕೆಲವು ಗಂಟೆಗಳ ಕಾಲ ಜೀವಂತವಾಗಿರುತ್ತವೆ. ಆ ಹಾಳೆಗಳು ಎಷ್ಟು ಆಮ್ಲಜನಕವನ್ನು ಹೀರಿಕೊಂಡವು, ಎಷ್ಟು ಇಂಗಾಲದ ಡೈ ಆಕ್ಸೈಡನ್ನು ಹೊರಬಿಟ್ಟವು ಎಂಬುದನ್ನು ಮಾನೋಮೀಟರ್ ಎಂಬ ಗಾಜಿನ ಉಪಕರಣದಿಂದ ಅಳೆಯಬಹುದು. ಈ ವಿಧಾನವನ್ನು ರೂಢಿಗೆ ತಂದವರು ವಾರ್‌ಬುರ್ಗ್. ಅವರ ಪ್ರಯೋಗಶಾಲೆಯಲ್ಲಿ ಶಿಸ್ತು ಬಹು ಕಟ್ಟುನಿಟ್ಟು. ಅಳತೆಯಿಂದ ಸಿದ್ಧವಾಗದ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ನಾಲ್ಕು ವರ್ಷಗಳ ಕಾಲ ಕ್ರೆಬ್ಸ್ ಅಲ್ಲಿ ಶ್ರದ್ಧೆಯಿಂದ ದುಡಿದರು.

ಉಸಿರಾಟವನ್ನು ಅಳೆಯುವ ಈ ವಿಧಾನದಿಂದ ದೇಹದಲ್ಲಿ ಹೊಸ ಪದಾರ್ಥಗಳು ತಯಾರಾಗುವ ಬಗೆಯನ್ನೂ ಏಕೆ ತಿಳಿಯಬಾರದು ಎಂಬ ಆಲೋಚನೆ ಕ್ರೆಬ್ಸ್ ಅವರಿಗೆ ಬಂದಿತು. ಆದರೆ ಗುರುಗಳು ಅದಕ್ಕೆ ಸಮ್ಮತಿಸಲಿಲ್ಲ. ಅಷ್ಟೇ ಅಲ್ಲ, 1930ರಲ್ಲಿ ಕ್ರೆಬ್ಸ್ ಅವರ ಅವಧಿ ಮುಗಿದಾಗ, ಸಂಶೋಧನೆಯನ್ನು ಬಿಟ್ಟು ವೈದ್ಯವೃತ್ತಿಗೆ ಹಿಂದಿರುಗುವುದೇ ಲೇಸೆಂದು ಅವರು ಶಿಷ್ಯನಿಗೆ ಸೂಚಿಸಿದರು. ತಾನು ದೇವರಂತೆ ಭಾವಿಸಿದ್ದ ಗುರುವಿನ ಬಾಯಿಂದ ಇಂತಹ ಮಾತು ಬಂದಾಗ ಯಾವ ತರುಣನ ಮನಸ್ಸು ಕುಗ್ಗದಿದ್ದೀತು? ಆದರೆ ಕ್ರೆಬ್ಸ್ ಎದೆಗುಂದಲಿಲ್ಲ. ಗುರುವನ್ನು ದೂಷಿಸಲೂ ಇಲ್ಲ. ಅನೇಕ ವರ್ಷಗಳು ಕಳೆದ ಮೇಲೆ, ವಾರ್‌ಬುರ್ಗ್ ಅವರ ಜೀವನ ಚರಿತ್ರೆಯನ್ನು ಆದರದಿಂದ ಬರೆದು ಪ್ರಕಟಿಸಿದವರು ಇದೇ ಶಿಷ್ಯ!

ಆಲ್ಟೋನದ ಆಸ್ಪತ್ರೆಯಲ್ಲಿ ಒಂದು ವರ್ಷ ಕೆಲಸ ಮಾಡಿ 1931ರಲ್ಲಿ ಕ್ರೆಬ್ಸ್ ಅವರು ಫ್ರೈಬರ್ಗ್ ವಿಶ್ವವಿದ್ಯಾನಿಲಯದ ವೈದ್ಯಾಲಯವನ್ನು ಸೇರಿದರು. ಅಲ್ಲಿ ರೋಗಿಗಳ ಶುಶ್ರೂಷೆಯ ಹೊಣೆಯೂ ಅವರ ಮೇಲಿತ್ತು. ಆ ಕಾರ್ಯದ ನಡುವೆ ಬಿಡುವು ಮಾಡಿಕೊಂಡು ಅವರು ತಮ್ಮ ಮನಸ್ಸಿನಲ್ಲಿ ಬೇರೂರಿದ್ದ ಆಲೋಚನೆಯನ್ನು ಪರೀಕ್ಷೆಗೊಡ್ಡಿದರು. ಕುರ್ಟ್ ಹೆನ್ಸೆಲೈಟ್ ಎಂಬ ವೈದ್ಯ ವಿದ್ಯಾರ್ಥಿ ಅವರಿಗೆ ನೆರವಾದನು. ಅವರು ಎತ್ತಿಕೊಂಡ ಪ್ರಶ್ನೆ ಇದು: ಮಾಂಸ, ಬೇಳೆ ಮೊದಲಾದವುಗಳಲ್ಲಿರುವ ಪ್ರೋಟೀನು ದೇಹದಲ್ಲಿ ಒಡೆದಾಗ ಅಮೋನಿಯ ಹುಟ್ಟುತ್ತದೆ. ಅಮೋನಿಯ ವಿಷಪದಾರ್ಥ. ಯಕೃತ್ತು ಅದನ್ನು ಅಪಾಯವಿಲ್ಲದ ಯೂರಿಯವಾಗಿ ಮಾರ್ಪಡಿಸುತ್ತದೆ. ಅದು ಮೂತ್ರದಲ್ಲಿ ಹೊರಹೋಗುತ್ತದೆ. ಈ ಮಾರ್ಪಾಟು ನಡೆಯುವುದು ಹೇಗೆ?

ಯಕೃತ್ತಿನ ತೆಳುಹಾಳೆಗಳಿಗೆ ಅವರಿಬ್ಬರೂ ಒಂದಾದ ಮೇಲೊಂದರಂತೆ ಅನೇಕ ಪದಾರ್ಥಗಳನ್ನು ಬೆರೆಸಿ ನೋಡಿದರು. ಆರ್ನಿಥಿನ್ ಎಂಬ ಅಮೈನೋ ಆಮ್ಲವನ್ನು ಅಮೋನಿಯದೊಡನೆ ಸೇರಿಸಿದಾಗ ಒಂದು ವಿಚಿತ್ರವು ಕಂಡುಬಂದಿತು. ಯೂರಿಯದ ಉತ್ಪತ್ತಿ ಬಹಳವಾಗಿ ಹೆಚ್ಚಿತು. ಆದರೆ ಆರ್ನಿಥಿನ್ ಖರ್ಚಾಗಲೇ ಇಲ್ಲ! ಕೊಂಚ ಆರ್ನಿಥಿನ್ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಯೂರಿಯವನ್ನು ಉಂಟುಮಾಡುತ್ತಿತ್ತು. ಕ್ರೆಬ್ಸ್ ಈ ಒಗಟನ್ನು ಬಿಡಿಸಿದರು. ಆರ್ನಿಥಿನ್ ಅಮೋನಿಯವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಕೂಡಿಕೊಂಡು ಸಿಟ್ರುಲಿನ್ ಆಗುತ್ತದೆ; ಸಿಟ್ರುಲಿನ್ ಮತ್ತಷ್ಟು ಅಮೋನಿಯವನ್ನು ಕೂಡಿಕೊಂಡು ಆರ್ಜಿನಿನ್ ಆಗುತ್ತದೆ; ಆರ್ಜಿನಿನ್ ಒಡೆದು ಯೂರಿಯವನ್ನು ಹೊರಚೆಲ್ಲಿ ಮತ್ತೆ ಆರ್ನಿಥಿನ್ ಆಗಿ ನಿಲ್ಲುತ್ತದೆ. ಹೊರಟ ಪದಾರ್ಥವೇ ಸುತ್ತುಬಂದು ಹೊರಟ ಸ್ಥಾನವನ್ನು ಸೇರುತ್ತದೆ. ದೇಹದ ರಸಾಯನಕ್ರಿಯೆಗಳು ನೇರವಾದ ದಾರಿಯಲ್ಲಷ್ಟೇ ಅಲ್ಲ, ಚಕ್ರದಂತೆಯೂ ಸಾಗಬಲ್ಲವು ಎಂಬುದು 1932ರಲ್ಲಿ ಹೀಗೆ ಬೆಳಕಿಗೆ ಬಂದಿತು. ಮೂವತ್ತೆರಡರ ಪ್ರಾಯದ ವೈದ್ಯನ ಹೆಸರು ವಿದ್ವಾಂಸರ ನಾಲಗೆಯ ಮೇಲೆ ನಲಿಯತೊಡಗಿತು.

ಆದರೆ ಆ ಕೀರ್ತಿಯನ್ನು ಅನುಭವಿಸಲು ಅವರಿಗೆ ಹೆಚ್ಚು ಕಾಲ ದೊರೆಯಲಿಲ್ಲ. 1933ರ ಜನವರಿಯಲ್ಲಿ ಹಿಟ್ಲರ್ ಜರ್ಮನಿಯ ಅಧಿಕಾರವನ್ನು ಹಿಡಿದನು. ಏಪ್ರಿಲ್ ತಿಂಗಳಲ್ಲಿ ಹೊರಟ ಹೊಸ ಕಾನೂನು ಯೆಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ತೆಗೆದುಹಾಕಿತು. ನೂರಾರು ಮಂದಿ ಪ್ರಾಧ್ಯಾಪಕರು, ವೈದ್ಯರು, ವಿಜ್ಞಾನಿಗಳು ಕೆಲಸ ಕಳೆದುಕೊಂಡರು. ಕ್ರೆಬ್ಸ್ ಅವರಿಗೂ ಅದೇ ಗತಿಯಾಯಿತು. ಅವರ ವಿದ್ಯೆಯಲ್ಲಿ ಕೊರತೆಯಿರಲಿಲ್ಲ, ದುಡಿಮೆಯಲ್ಲಿ ಲೋಪವಿರಲಿಲ್ಲ. ಹುಟ್ಟಿದ ಕುಲವೊಂದೇ ಅಪರಾಧವಾಯಿತು. ಯಾವ ದೇಶಕ್ಕಾಗಿ ಸಿಪಾಯಿಯ ಸಮವಸ್ತ್ರವನ್ನು ಧರಿಸಿದ್ದರೋ ಆ ದೇಶವೇ ಅವರನ್ನು ಅನ್ಯನೆಂದು ಎಣಿಸಿತು.

ಇಂತಹ ಕಷ್ಟಕಾಲದಲ್ಲಿ ಇಂಗ್ಲೆಂಡಿನಿಂದ ಸಹಾಯಹಸ್ತ ಚಾಚಿತು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದ ಮುಖ್ಯಸ್ಥರಾದ ಸರ್ ಫ್ರೆಡರಿಕ್ ಗೌಲೆಂಡ್ ಹಾಪ್‌ಕಿನ್ಸ್ ಅವರು ಕ್ರೆಬ್ಸ್ ಅವರನ್ನು ತಮ್ಮಲ್ಲಿಗೆ ಬರಮಾಡಿಕೊಂಡರು. ರಾಕ್‌ಫೆಲರ್ ಪ್ರತಿಷ್ಠಾನವು ಧನಸಹಾಯ ನೀಡಿತು. ಆ ವರ್ಷದ ಬೇಸಗೆಯಲ್ಲಿ ಕ್ರೆಬ್ಸ್ ಅವರು ಹುಟ್ಟುನಾಡನ್ನು ತೊರೆದರು. ಅವರ ಬಳಿ ಸಂಪತ್ತೇನೂ ಇರಲಿಲ್ಲ. ಆದರೆ ತಮ್ಮ ಮಾನೋಮೀಟರುಗಳನ್ನೂ ಇತರ ಉಪಕರಣಗಳನ್ನೂ ಕೊಂಡೊಯ್ಯಲು ಅನುಮತಿ ದೊರೆತದ್ದು ಅವರ ಪಾಲಿಗೆ ನಿಧಿ ಸಿಕ್ಕಂತಾಯಿತು. ಭಾಷೆ ಹೊಸದು, ಜನ ಹೊಸಬರು, ಆಚಾರ ಬೇರೆ. ಆದರೂ ಆ ಗಾಜಿನ ನಳಿಗೆಗಳ ಮುಂದೆ ಕುಳಿತಾಗ ಕ್ರೆಬ್ಸ್ ಅವರಿಗೆ ತಮ್ಮ ಮನೆಯಲ್ಲಿಯೇ ಇದ್ದಂತೆ ತೋರಿರಬೇಕು. 1935ರಲ್ಲಿ ಅವರು ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಶೆಫೀಲ್ಡ್ ನಗರದ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಕರಾದರು. ಅವರ ಮಹತ್ಕಾರ್ಯವು ನಡೆದದ್ದು ಅಲ್ಲಿಯೇ.

ಜೀವಕೋಶದಲ್ಲಿ ಸಕ್ಕರೆಯು ಮೊದಲು ಪೈರುವಿಕ್ ಆಮ್ಲವಾಗುತ್ತದೆ ಎಂಬುದು ಆ ವೇಳೆಗೆ ತಿಳಿದಿತ್ತು. ಮುಂದೆ ಅದು ಹೇಗೆ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗಿ ಪರ್ಯವಸಾನಗೊಳ್ಳುತ್ತದೆ ಎಂಬುದು ತಿಳಿದಿರಲಿಲ್ಲ. ಹಂಗರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಅವರು ಪಾರಿವಾಳದ ಎದೆಯ ಸ್ನಾಯುವನ್ನು ಅರೆದು ಪ್ರಯೋಗ ನಡೆಸಿದ್ದರು. ಹಾರುವ ಹಕ್ಕಿಯ ಎದೆಯ ಸ್ನಾಯುವಿಗೆ ಬಿಡುವಿಲ್ಲದ ದುಡಿಮೆ. ಆದುದರಿಂದ ಅದು ಆಮ್ಲಜನಕವನ್ನು ಅತಿ ವೇಗವಾಗಿ ಬಳಸುತ್ತದೆ. ಅರೆದ ಸ್ನಾಯುವಿನ ಉಸಿರಾಟ ಹೊತ್ತು ಕಳೆದಂತೆ ಕುಗ್ಗುತ್ತದೆ. ಆಗ ಸಕ್ಸಿನಿಕ್, ಫ್ಯುಮಾರಿಕ್, ಮ್ಯಾಲಿಕ್, ಆಕ್ಸಲೋಅಸಿಟಿಕ್ ಎಂಬ ಆಮ್ಲಗಳಲ್ಲಿ ಯಾವುದಾದರೊಂದನ್ನು ಸ್ವಲ್ಪ ಬೆರೆಸಿದರೆ ಉಸಿರಾಟ ಮತ್ತೆ ಚೇತರಿಸಿಕೊಳ್ಳುತ್ತದೆ ಎಂದು ಅವರು ಕಂಡಿದ್ದರು. ಈ ನಾಲ್ಕೂ ನಾಲ್ಕು ಇಂಗಾಲದ ಪರಮಾಣುಗಳುಳ್ಳ ಆಮ್ಲಗಳು. 1937ರಲ್ಲಿ ಜರ್ಮನಿಯ ಮಾರ್ಟಿಯಸ್ ಮತ್ತು ಕ್ನೂಪ್ ಎಂಬ ವಿಜ್ಞಾನಿಗಳು ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು. ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲವು ಅಂಗಾಂಶಗಳಲ್ಲಿ ಹಂತಹಂತವಾಗಿ ಕೀಟೋಗ್ಲುಟಾರಿಕ್ ಆಮ್ಲವಾಗಿ ಮಾರ್ಪಡುತ್ತದೆ ಎಂದು ಅವರು ತೋರಿಸಿದರು. ಕೀಟೋಗ್ಲುಟಾರಿಕ್ ಆಮ್ಲವು ಸಕ್ಸಿನಿಕ್ ಆಮ್ಲವಾಗುವುದು ಮೊದಲೇ ತಿಳಿದಿತ್ತು.

ಮಣಿಗಳೆಲ್ಲ ಇದ್ದವು, ಪೋಣಿಸುವ ದಾರ ಬೇಕಾಗಿತ್ತು. ಆ ದಾರವನ್ನು ಒದಗಿಸಿದವರು ಕ್ರೆಬ್ಸ್. ವಿಲಿಯಂ ಆರ್ಥರ್ ಜಾನ್ಸನ್ ಎಂಬ ಸಂಶೋಧನ ವಿದ್ಯಾರ್ಥಿಯೊಡನೆ ಅವರು ಪಾರಿವಾಳದ ಸ್ನಾಯುವಿನ ಮೇಲೆ ಪ್ರಯೋಗಗಳನ್ನು ಕೈಗೊಂಡರು. ಕೊಂಚ ಸಿಟ್ರಿಕ್ ಆಮ್ಲವನ್ನು ಬೆರೆಸಿದಾಗ ಸ್ನಾಯುವು ಹೀರಿದ ಆಮ್ಲಜನಕವು, ಆ ಸಿಟ್ರಿಕ್ ಆಮ್ಲವನ್ನು ಉರಿಸಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಫ್ರೈಬರ್ಗಿನಲ್ಲಿ ಆರ್ನಿಥಿನ್ ಆಡಿದ ಆಟವನ್ನೇ ಇಲ್ಲಿ ಸಿಟ್ರಿಕ್ ಆಮ್ಲ ಆಡುತ್ತಿತ್ತು! ಹಾಗಾದರೆ ಇಲ್ಲಿಯೂ ಒಂದು ಚಕ್ರವಿರಬೇಕು. ಸಿಟ್ರಿಕ್ ಆಮ್ಲದಿಂದ ಆಕ್ಸಲೋಅಸಿಟಿಕ್ ಆಮ್ಲದವರೆಗಿನ ದಾರಿ ಸ್ಪಷ್ಟವಾಗಿದೆ. ಆಕ್ಸಲೋಅಸಿಟಿಕ್ ಆಮ್ಲದಿಂದ ಮರಳಿ ಸಿಟ್ರಿಕ್ ಆಮ್ಲ ಹುಟ್ಟುವುದಾದರೆ ಚಕ್ರ ಪೂರ್ಣವಾಗುತ್ತದೆ. ಕ್ರೆಬ್ಸ್ ಸ್ನಾಯುವಿಗೆ ಆಕ್ಸಲೋಅಸಿಟಿಕ್ ಆಮ್ಲವನ್ನು ಬೆರೆಸಿ ಪರೀಕ್ಷಿಸಿದರು. ಸಿಟ್ರಿಕ್ ಆಮ್ಲ ಗಣನೀಯ ಪ್ರಮಾಣದಲ್ಲಿ ಉತ್ಪತ್ತಿಯಾಗಿತ್ತು. ಸುತ್ತು ಕೂಡಿಕೊಂಡಿತು.

ಈ ನಿರ್ಣಯಕ್ಕೆ ಮತ್ತೊಂದು ಆಧಾರವೂ ಇದ್ದಿತು. ಮಾಲೋನಿಕ್ ಆಮ್ಲ ಎಂಬುದು ನೋಡಲು ಸಕ್ಸಿನಿಕ್ ಆಮ್ಲದಂತೆಯೇ ಇರುವ ಪದಾರ್ಥ. ಬೀಗದೊಳಕ್ಕೆ ಹೊಕ್ಕು ತಿರುಗದೆ ನಿಲ್ಲುವ ಸುಳ್ಳು ಬೀಗದ ಕೈಯಂತೆ, ಅದು ಸಕ್ಸಿನಿಕ್ ಆಮ್ಲದ ಸ್ಥಾನವನ್ನು ಆಕ್ರಮಿಸಿ ಅಲ್ಲಿಯ ಕೆಲಸವನ್ನು ತಡೆಯುತ್ತದೆ. ಮಾಲೋನಿಕ್ ಆಮ್ಲವನ್ನು ಬೆರೆಸಿದಾಗ ಸ್ನಾಯುವಿನ ಉಸಿರಾಟ ಕುಗ್ಗಿತು. ಸಕ್ಸಿನಿಕ್ ಆಮ್ಲ ಮುಂದೆ ಹೋಗಲಾರದೆ ಶೇಖರವಾಯಿತು. ಇಂತಹ ತಡೆಯಿದ್ದಾಗಲೂ ಆಕ್ಸಲೋಅಸಿಟಿಕ್ ಆಮ್ಲವನ್ನು ಸೇರಿಸಿದರೆ ಅದು ಸಿಟ್ರಿಕ್ ಆಮ್ಲದ ದಾರಿಯಾಗಿ ಬಳಸಿಕೊಂಡು ಬಂದು ಸಕ್ಸಿನಿಕ್ ಆಮ್ಲವಾಗುತ್ತಿತ್ತು. ದಾರಿಯ ಒಂದು ಕಡೆ ಬೇಲಿ ಹಾಕಿದರೆ ಮತ್ತೊಂದು ಕಡೆಯಿಂದ ಅದೇ ಜಾಗವನ್ನು ಸೇರಬಹುದಾದರೆ, ಆ ದಾರಿ ವರ್ತುಲವೇ ಆಗಿರಬೇಕಲ್ಲವೇ?

ಈ ಚಕ್ರವನ್ನು ಬಾವಿಯಿಂದ ನೀರೆತ್ತಲು ಗಡಿಗೆಗಳನ್ನು ಕಟ್ಟಿದ ಚಕ್ರಕ್ಕೆ ಹೋಲಿಸಬಹುದು. ಗಡಿಗೆ ಕೆಳಗಿಳಿದು ನೀರು ತುಂಬಿಕೊಳ್ಳುತ್ತದೆ. ಮೇಲೇರಿ ನೀರನ್ನು ಸುರಿಯುತ್ತದೆ. ಬರಿದಾಗಿ ಮತ್ತೆ ಕೆಳಗಿಳಿಯುತ್ತದೆ. ಗಡಿಗೆ ಅದೇ, ನೀರು ಮಾತ್ರ ಹೊಸದು. ಹಾಗೆಯೇ ನಾಲ್ಕು ಇಂಗಾಲಗಳ ಆಕ್ಸಲೋಅಸಿಟಿಕ್ ಆಮ್ಲವು ಆಹಾರದಿಂದ ಬಂದ ಎರಡು ಇಂಗಾಲಗಳ ತುಣುಕನ್ನು ಕೂಡಿಕೊಂಡು ಆರು ಇಂಗಾಲಗಳ ಸಿಟ್ರಿಕ್ ಆಮ್ಲವಾಗುತ್ತದೆ. ದಾರಿಯಲ್ಲಿ ಎರಡು ಇಂಗಾಲಗಳು ಡೈ ಆಕ್ಸೈಡಿನ ರೂಪದಲ್ಲಿ ಹೊರಬೀಳುತ್ತವೆ. ಅದೇ ನಾವು ಹೊರಬಿಡುವ ಉಸಿರು. ನಾಲ್ಕು ಜೊತೆ ಜಲಜನಕದ ಪರಮಾಣುಗಳು ಬೇರ್ಪಟ್ಟು, ಕೊನೆಗೆ ನಾವು ಒಳಗೆಳೆದ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಹೀಗೆ ಸೇರುವಾಗ ಹೊರಬೀಳುವ ಶಕ್ತಿಯನ್ನು ಜೀವಕೋಶವು ಏ.ಟಿ.ಪಿ. ಎಂಬ ಪದಾರ್ಥದಲ್ಲಿ ಕೂಡಿಟ್ಟುಕೊಳ್ಳುತ್ತದೆ. ನಾಲ್ಕು ಇಂಗಾಲಗಳ ಆಮ್ಲವು ಮರಳಿ ತನ್ನ ಸ್ಥಾನದಲ್ಲಿ ನಿಂತು ಮತ್ತೊಂದು ತುಣುಕಿಗೆ ಕಾದಿರುತ್ತದೆ.

ಈ ಚಕ್ರವು ತಾನಾಗಿಯೇ ಉರುಳುವುದಿಲ್ಲ. ಅದನ್ನು ಉರುಳಿಸುವವು ಕಿಣ್ವಗಳು. ಕಿಣ್ವವೆಂದರೆ ತಾನು ವ್ಯಯವಾಗದೆ ರಸಾಯನಕ್ರಿಯೆಯನ್ನು ತ್ವರಿತಗೊಳಿಸುವ ಪ್ರೋಟೀನು. ಬೆಂಕಿಯ ಉರಿ ಮಾಡುವ ಕೆಲಸವನ್ನು ಕಿಣ್ವಗಳು ಮೈಯ ಬಿಸುಪಿನಲ್ಲಿಯೇ ಮೆಲ್ಲಗೆ, ಮೆಟ್ಟಿಲು ಮೆಟ್ಟಿಲಾಗಿ ಮಾಡಿ ಮುಗಿಸುತ್ತವೆ. ಸಿಟ್ರಿಕ್ ಆಮ್ಲದ ಚಕ್ರದಲ್ಲಿ ಎಂಟು ಕಿಣ್ವಗಳಿವೆ. ಒಂದರ ಕೆಲಸವನ್ನು ಮತ್ತೊಂದು ಮಾಡುವುದಿಲ್ಲ. ಸಿಟ್ರೇಟ್ ಸಿಂಥೇಸ್ ಎಂಬುದು ಎರಡು ಇಂಗಾಲಗಳ ತುಣುಕನ್ನು ಬೆಸೆಯುತ್ತದೆ. ಅಕೋನಿಟೇಸ್ ಎಂಬುದು ಸಿಟ್ರಿಕ್ ಆಮ್ಲದ ಪರಮಾಣುಗಳ ಜೋಡಣೆಯನ್ನು ಬದಲಾಯಿಸುತ್ತದೆ. ಅನಂತರದ ಎರಡು ಕಿಣ್ವಗಳು ಜಲಜನಕವನ್ನು ಕಳಚಿ ಇಂಗಾಲದ ಡೈ ಆಕ್ಸೈಡನ್ನು ಬಿಡುಗಡೆ ಮಾಡುತ್ತವೆ. ಐದನೆಯದು ಒಂದಿಷ್ಟು ಶಕ್ತಿಯನ್ನು ನೇರವಾಗಿ ಹಿಡಿದಿಡುತ್ತದೆ. ಸಕ್ಸಿನೇಟ್ ಡೀಹೈಡ್ರೋಜನೇಸ್ ಎಂಬ ಆರನೆಯ ಕಿಣ್ವವನ್ನೇ ಮಾಲೋನಿಕ್ ಆಮ್ಲ ಮೋಸಗೊಳಿಸುವುದು. ಏಳನೆಯದಾದ ಫ್ಯುಮರೇಸ್ ನೀರನ್ನು ಕೂಡಿಸುತ್ತದೆ. ಎಂಟನೆಯದಾದ ಮ್ಯಾಲೇಟ್ ಡೀಹೈಡ್ರೋಜನೇಸ್ ಆಕ್ಸಲೋಅಸಿಟಿಕ್ ಆಮ್ಲವನ್ನು ಮರಳಿಸಿ ಸುತ್ತನ್ನು ಮುಗಿಸುತ್ತದೆ. ಎಂಟರಲ್ಲಿ ಒಂದು ಕೈಕಟ್ಟಿ ಕುಳಿತರೂ ಇಡೀ ಚಕ್ರವೇ ನಿಲ್ಲುತ್ತದೆ.

ಇಷ್ಟು ದೊಡ್ಡ ಶೋಧವನ್ನು ಲೋಕವು ಕೂಡಲೇ ಎದ್ದುನಿಂತು ಸ್ವಾಗತಿಸಿತೆಂದು ಯಾರಾದರೂ ಭಾವಿಸಬಹುದು. ನಡೆದುದು ಹಾಗಲ್ಲ. 1937ರ ಜೂನ್ ತಿಂಗಳಲ್ಲಿ ಕ್ರೆಬ್ಸ್ ತಮ್ಮ ಶೋಧವನ್ನು ಕುರಿತ ಸಂಕ್ಷಿಪ್ತ ಲೇಖನವನ್ನು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನ ಪತ್ರಿಕೆಯಾದ ನೇಚರ್‌ಗೆ ಕಳುಹಿಸಿದರು. ಏಳೆಂಟು ವಾರಗಳಿಗೆ ಸಾಕಾಗುವಷ್ಟು ಬರಹಗಳು ಈಗಾಗಲೇ ಬಂದಿರುವುದರಿಂದ ಸದ್ಯಕ್ಕೆ ಅದನ್ನು ಸ್ವೀಕರಿಸುವಂತಿಲ್ಲವೆಂದೂ, ಬೇಗನೆ ಪ್ರಕಟವಾಗಬೇಕೆಂದಿದ್ದರೆ ಬೇರೆ ಪತ್ರಿಕೆಗೆ ಕಳುಹಿಸಬಹುದೆಂದೂ ಸಂಪಾದಕರಿಂದ ಉತ್ತರ ಬಂದಿತು, ಲೇಖನವೂ ಹಿಂದಿರುಗಿತು. ಕ್ರೆಬ್ಸ್ ಕೋಪಿಸಿಕೊಳ್ಳಲಿಲ್ಲ, ಕೈಚೆಲ್ಲಿ ಕೂರಲೂ ಇಲ್ಲ. ಲೇಖನವನ್ನು ವಿಸ್ತರಿಸಿ ಹಾಲೆಂಡಿನ ಎನ್‌ಜೈಮೊಲಾಜಿಯ ಎಂಬ ಪತ್ರಿಕೆಗೆ ಕಳುಹಿಸಿದರು. ಅದು ಅದೇ ವರ್ಷ ಅಲ್ಲಿ ಅಚ್ಚಾಯಿತು. ಜೀವರಸಾಯನ ವಿಜ್ಞಾನದ ಮೂಲಸ್ತಂಭಗಳಲ್ಲೊಂದೆನಿಸಿದ ಶೋಧವು ಲೋಕಕ್ಕೆ ಬಂದದ್ದು ಹೀಗೆ.

ಆ ಚಿತ್ರದಲ್ಲಿ ತುಂಬಬೇಕಾದ ಬಣ್ಣ ಇನ್ನೂ ಉಳಿದಿತ್ತು. ಆಕ್ಸಲೋಅಸಿಟಿಕ್ ಆಮ್ಲವನ್ನು ಸೇರುವ ಎರಡು ಇಂಗಾಲಗಳ ತುಣುಕಿನ ನಿಜರೂಪ ಆಗ ತಿಳಿದಿರಲಿಲ್ಲ. ಫ್ರಿಟ್ಸ್ ಲಿಪ್‌ಮನ್ ಅವರು 1940ರ ದಶಕದಲ್ಲಿ ಕೋಎನ್‌ಜೈಮ್-ಎ ಎಂಬ ಸಹಕಿಣ್ವವನ್ನು ಕಂಡುಹಿಡಿದರು. ಆ ತುಣುಕನ್ನು ಹೊತ್ತು ತರುವ ವಾಹಕ ಅದೇ ಎಂಬುದನ್ನು 1951ರಲ್ಲಿ ಫಿಯೋಡರ್ ಲೀನೆನ್ ಸ್ಪಷ್ಟಪಡಿಸಿದರು. ಈ ನಡುವೆ ಸಿಟ್ರಿಕ್ ಆಮ್ಲವು ನಿಜವಾಗಿ ಈ ಚಕ್ರದಲ್ಲಿದೆಯೇ ಎಂಬ ಸಂಶಯವೂ ಹುಟ್ಟಿಕೊಂಡಿತ್ತು. ಆ ಆಮ್ಲದ ಎರಡು ತುದಿಗಳೂ ಒಂದೇ ತೆರನಾಗಿರುವಾಗ, ಕಿಣ್ವವು ಒಂದೇ ತುದಿಯನ್ನು ಆರಿಸಿ ಹಿಡಿಯುವುದು ಹೇಗೆ ಎಂಬುದು ಪ್ರಶ್ನೆ. ಕಿಣ್ವವು ಅದನ್ನು ಮೂರು ಬಿಂದುಗಳಲ್ಲಿ ಹಿಡಿಯುವುದಾದರೆ ಎರಡು ತುದಿಗಳನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲದೆಂದು ಆಕ್ಸ್‌ಫರ್ಡಿನ ಆಗ್‌ಸ್ಟನ್ 1948ರಲ್ಲಿ ವಿವರಿಸಿದರು. ಅದೇ ವರ್ಷ ಅಮೆರಿಕದ ಕೆನೆಡಿ ಮತ್ತು ಲೆನಿಂಜರ್ ಈ ಚಕ್ರದ ಕಿಣ್ವಗಳ ನೆಲೆ ಜೀವಕೋಶದಲ್ಲಿರುವ ಮೈಟೋಕಾಂಡ್ರಿಯ ಎಂಬ ಸೂಕ್ಷ್ಮಾಂಗಗಳೆಂದು ತೋರಿಸಿದರು. ಅನೇಕರು ಸೇರಿ ಕಟ್ಟಿದ ಸೌಧಕ್ಕೆ ಕ್ರೆಬ್ಸ್ ಹಾಕಿದ ತಳಪಾಯ ಮಾತ್ರ ಅಲುಗಲಿಲ್ಲ.

ಕ್ರೆಬ್ಸ್ ಅವರು 1938ರಲ್ಲಿ ಮಾರ್ಗರೆಟ್ ಫೀಲ್ಡ್‌ಹೌಸ್ ಎಂಬುವರನ್ನು ವಿವಾಹವಾದರು. ಈ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. 1939ರಲ್ಲಿ ಅವರಿಗೆ ಬ್ರಿಟಿಷ್ ಪೌರತ್ವ ದೊರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಶ್ರಯವಿತ್ತ ನಾಡಿನ ಋಣವನ್ನು ಅವರು ತಮ್ಮ ವಿದ್ಯೆಯಿಂದ ತೀರಿಸಿದರು. ಆಹಾರದ ಅಭಾವವಿದ್ದ ಆ ದಿನಗಳಲ್ಲಿ ಮನುಷ್ಯನಿಗೆ ಎಷ್ಟು ಜೀವಸತ್ವಗಳು ಅವಶ್ಯಕವೆಂಬುದನ್ನು, ತಾವಾಗಿ ಮುಂದೆ ಬಂದ ತರುಣರ ನೆರವಿನಿಂದ ಶೆಫೀಲ್ಡಿನಲ್ಲಿ ಪರಿಶೀಲಿಸಲಾಯಿತು. ದಿನಕ್ಕೆ ಸುಮಾರು 10 ಮಿಲಿಗ್ರಾಂ ಸಿ ಜೀವಸತ್ವವಿದ್ದರೆ ಸ್ಕರ್ವಿ ರೋಗವು ಬಾರದಂತೆ ತಡೆಯಬಹುದೆಂಬುದು ಈ ಪರಿಶೀಲನೆಯಿಂದ ತಿಳಿದುಬಂದಿತು. 1945ರಲ್ಲಿ ಕ್ರೆಬ್ಸ್ ಶೆಫೀಲ್ಡಿನಲ್ಲಿ ಪ್ರಾಧ್ಯಾಪಕರಾದರು. 1947ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು.

1953ರಲ್ಲಿ ಕ್ರೆಬ್ಸ್ ಮತ್ತು ಲಿಪ್‌ಮನ್ ಇಬ್ಬರಿಗೂ ಕೂಡಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಲಭಿಸಿತು. ಲಿಪ್‌ಮನ್ ಕೂಡ ಜರ್ಮನಿಯಲ್ಲಿ ಹುಟ್ಟಿದ ಯೆಹೂದಿ. ಅವರೂ ನಾಡನ್ನು ಬಿಟ್ಟು ಅಮೆರಿಕದಲ್ಲಿ ನೆಲೆಸಿದ್ದವರು. ಒಂದು ಕಾಲದಲ್ಲಿ ಇಬ್ಬರೂ ಡಾಲೆಮ್‌ನಲ್ಲಿ ಕೆಲಸ ಮಾಡುತ್ತಿದ್ದ ತರುಣರು. ಜರ್ಮನಿ ಬೇಡವೆಂದು ಬಿಟ್ಟ ರತ್ನಗಳನ್ನು ಬೇರೆ ದೇಶಗಳು ಮುಡಿಗೇರಿಸಿಕೊಂಡವು. ದ್ವೇಷವು ಪರರಿಗಿಂತ ಮೊದಲು ತನ್ನ ಮನೆಯನ್ನೇ ಬಡವಾಗಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

1954ರಲ್ಲಿ ಕ್ರೆಬ್ಸ್ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದರು. 1957ರಲ್ಲಿ ಹ್ಯಾನ್ಸ್ ಕಾರ್ನ್‌ಬರ್ಗ್ ಅವರೊಡನೆ ಗ್ಲೈಆಕ್ಸಿಲೇಟ್ ಚಕ್ರ ಎಂಬ ಮೂರನೆಯ ಚಕ್ರವನ್ನು ವಿವರಿಸಿದರು. ಮೊಳೆಯುವ ಎಣ್ಣೆಬೀಜಗಳು ತಮ್ಮಲ್ಲಿನ ಕೊಬ್ಬಿನಿಂದ ಸಕ್ಕರೆಯನ್ನು ತಯಾರಿಸಿಕೊಳ್ಳುವುದು ಈ ಚಕ್ರದ ಸಹಾಯದಿಂದ. ಕಾರ್ನ್‌ಬರ್ಗ್ ಅವರ ಕಥೆಯೂ ಮನನೀಯವಾದುದು. ಬಾಲ್ಯದಲ್ಲಿಯೇ ಜರ್ಮನಿಯಿಂದ ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದ ಆ ಹುಡುಗ, ಶೆಫೀಲ್ಡಿನಲ್ಲಿ ಕ್ರೆಬ್ಸ್ ಅವರ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿ ಕೆಲಸಕ್ಕೆ ಸೇರಿದ್ದನು. ಅಲ್ಲಿಂದ ಓದಿ ಮೇಲೇರಿ, ಅದೇ ಗುರುವಿನ ಜೊತೆಗಾರ ಸಂಶೋಧಕನಾದನು. ತಮಗೆ ದೊರೆಯದ ಪ್ರೋತ್ಸಾಹ ತಮ್ಮ ಶಿಷ್ಯರಿಗೆ ದೊರೆಯುವಂತೆ ಕ್ರೆಬ್ಸ್ ನೋಡಿಕೊಂಡರು.

1958ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಸರ್ ಪದವಿಯನ್ನಿತ್ತು ಗೌರವಿಸಿತು. 1961ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಅವರದಾಯಿತು. 1967ರಲ್ಲಿ ಹುದ್ದೆಯಿಂದ ನಿವೃತ್ತರಾದರೂ ಅವರು ಸಂಶೋಧನೆಯಿಂದ ನಿವೃತ್ತರಾಗಲಿಲ್ಲ. ಆಕ್ಸ್‌ಫರ್ಡಿನ ರಾಡ್‌ಕ್ಲಿಫ್ ಆಸ್ಪತ್ರೆಯಲ್ಲಿದ್ದ ಪ್ರಯೋಗಶಾಲೆಗೆ ಬಾಳಿನ ಕೊನೆಯವರೆಗೂ ಹೋಗಿ ದುಡಿದರು. ದೇಹವು ಇಂತಹ ಸುತ್ತುದಾರಿಯನ್ನು ಏಕೆ ಆರಿಸಿಕೊಂಡಿತು ಎಂಬ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ನೇರವಾಗಿ ಉರಿಸುವುದಕ್ಕಿಂತ ಈ ಚಕ್ರದ ಮೂಲಕ ಹೆಚ್ಚು ಶಕ್ತಿಯನ್ನು ಪಡೆಯಬಹುದಾದುದರಿಂದಲೇ ಜೀವಿಗಳ ವಿಕಾಸದಲ್ಲಿ ಅದು ಉಳಿದುಬಂದಿತೆಂದು ಬಾಲ್ಡ್‌ವಿನ್ ಎಂಬ ವಿಜ್ಞಾನಿಯೊಡನೆ ಅವರು ವಾದಿಸಿದರು. ಆ ಲೇಖನ 1981ರಲ್ಲಿ ಅಚ್ಚಾಯಿತು. ಅದನ್ನು ಪ್ರಕಟಿಸಿದ್ದು, ನಲವತ್ತನಾಲ್ಕು ವರ್ಷಗಳ ಹಿಂದೆ ಅವರ ಬರಹವನ್ನು ಹಿಂದಿರುಗಿಸಿದ್ದ ಅದೇ ನೇಚರ್ ಪತ್ರಿಕೆ! ಆ ವರ್ಷವೇ ನವೆಂಬರ್ 22ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಕ್ರೆಬ್ಸ್ ಅವರು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು.

ಅವರ ನೊಬೆಲ್ ಪದಕವನ್ನು 2015ರಲ್ಲಿ ಹರಾಜಿಗೆ ಇಡಲಾಯಿತು. ಬಂದ ಹಣವನ್ನು, ತಾಯ್ನಾಡನ್ನು ತೊರೆಯಬೇಕಾಗಿ ಬಂದ ತರುಣ ವಿಜ್ಞಾನಿಗಳ ನೆರವಿಗಾಗಿ ಅವರ ಹೆಸರಿನ ನಿಧಿಗೆ ಮೀಸಲಿಡಲಾಯಿತು. ಒಮ್ಮೆ ಕೇಂಬ್ರಿಜ್ ಒಬ್ಬ ನಿರಾಶ್ರಿತನಿಗೆ ತೋರಿದ ಔದಾರ್ಯ ಸುತ್ತುಬಂದು ಮತ್ತೊಬ್ಬ ನಿರಾಶ್ರಿತನನ್ನು ತಲುಪಿತು. ಕೊಟ್ಟದ್ದು ನಷ್ಟವಾಗದೆ ಮರಳಿ ಬರುವುದು ಜೀವಕೋಶದ ಚಕ್ರದಲ್ಲಿ ಮಾತ್ರವಲ್ಲ, ಮನುಷ್ಯರ ಬಾಳಿನಲ್ಲಿಯೂ ಉಂಟು. ಜೀವವಿರುವ ಕೋಟಿ ಕೋಟಿ ಕೋಶಗಳಲ್ಲಿ, ಬೆಳಗೆನ್ನದೆ ಇರುಳೆನ್ನದೆ, ಕ್ರೆಬ್ಸ್ ಕಂಡ ಆ ಚಕ್ರವು ಸದ್ದಿಲ್ಲದೆ ತಿರುಗುತ್ತಲೇ ಇದೆ.